ಸಂಗೀತದ ತರಗತಿಯಲ್ಲಿ ಸ್ಮಾರ್ಟ್ ಬೋರ್ಡ್: ಕೊಡಗಿನ ಶಾಲೆಯೊಂದರಿಂದ ಒಂದು ವಿಮರ್ಶೆ

ಸ್ಮಾರ್ಟ್ ಬೋರ್ಡ್‌ಗಳನ್ನು ಕುರಿತು ಶಾಲೆಗಳ ನಡುವೆ ಓಡಾಡುವ ವಿಮರ್ಶೆಗಳಲ್ಲಿ ಹೆಚ್ಚಿನವು ಗಣಿತ ಅಥವಾ ವಿಜ್ಞಾನ ಕಲಿಸುವವರ ದೃಷ್ಟಿಯಿಂದ ಬರೆದವು. ಪರದೆ ಎಷ್ಟು ಸ್ಪಷ್ಟವಾಗಿದೆ, ಬೆರಳಿಗೆ ಎಷ್ಟು ಬೇಗ ಸ್ಪಂದಿಸುತ್ತದೆ, ವಿಡಿಯೋ ತಡೆಯಿಲ್ಲದೆ ಓಡುತ್ತದೆಯೇ ಎಂಬಷ್ಟಕ್ಕೆ ಅವು ಮುಗಿದುಬಿಡುತ್ತವೆ. ಸಂಗೀತದ ತರಗತಿಯಲ್ಲಿ ಇದೇ ಸಾಧನ ಹೇಗೆ ವರ್ತಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಏಕೆಂದರೆ ಇಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಮಡಿಕೇರಿಯಿಂದ ನಾಪೋಕ್ಲಿನ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಶಾಲೆಗೆ ಬಂದಿರುವ ಎಪ್ಪತ್ತೈದು ಇಂಚಿನ ಫಲಕ ಮತ್ತು ಅದರ ಜೊತೆಗೆ ನಾನು ಬಳಸುತ್ತಿರುವ ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿ ತೋರಿಸುವ ಮೊಬೈಲ್ ಆ್ಯಪ್, ಧ್ವನಿ ದಾಖಲಿಸಿ ತಿದ್ದುವ ಆಡಾಸಿಟಿ ತಂತ್ರಾಂಶ, ಸಂಗೀತದ ಆಟಗಳಿರುವ ಕ್ರೋಮ್ ಮ್ಯೂಸಿಕ್ ಲ್ಯಾಬ್ ಜಾಲತಾಣ ಇವುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳುವುದಾದರೆ, ಇವುಗಳಲ್ಲಿ ಅತಿ ದುಬಾರಿಯಾದದ್ದು ಸಂಗೀತಕ್ಕೆ ಅತಿ ಕಡಿಮೆ ಉಪಯೋಗಕ್ಕೆ ಬಂದಿದೆ. ಒಂದು ರೂಪಾಯಿಯೂ ಖರ್ಚಿಲ್ಲದೆ ಸಿಕ್ಕಿದ ತಂತ್ರಾಂಶ ನನ್ನ ವೃತ್ತಿಯ ದಿಕ್ಕನ್ನೇ ಬದಲಿಸಿದೆ.

ವಿಮರ್ಶಕರು ಯಾರು ಎಂಬುದು ಗೊತ್ತಿದ್ದರೆ ವಿಮರ್ಶೆಯನ್ನು ತೂಗಿ ನೋಡಲು ಅನುಕೂಲ. ನಾನು ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತವಳು. ಆಕಾಶವಾಣಿಯ ಗ್ರೇಡ್ ಪಡೆದು ಕಛೇರಿ ಮಾಡಬೇಕೆಂಬುದು ಮೊದಲ ಗುರಿಯಾಗಿತ್ತು. ಕೊಡಗಿನಲ್ಲಿದ್ದುಕೊಂಡು ಕಛೇರಿಯ ಬದುಕು ನಡೆಸುವುದೆಂದರೆ ಪ್ರತಿ ಅವಕಾಶಕ್ಕೂ ಮೈಸೂರಿಗೋ ಬೆಂಗಳೂರಿಗೋ ಘಟ್ಟ ಇಳಿಯಬೇಕು, ಪಕ್ಕವಾದ್ಯದವರನ್ನು ಅಲ್ಲಿಯೇ ಹುಡುಕಿಕೊಳ್ಳಬೇಕು, ರಾತ್ರಿ ಕಛೇರಿ ಮುಗಿದ ಮೇಲೆ ಮರಳಲು ಬಸ್ಸಿಲ್ಲ. ಶಾಲೆಯ ಕೆಲಸ ಹಿಡಿದ ಮೇಲೆ ಗುರಿ ತಾನಾಗಿಯೇ ಸಣ್ಣದಾಯಿತು: ಎಷ್ಟು ಮಕ್ಕಳು ಸಂಗೀತದ ಮೊದಲ ಹಂತವಾದ ಜೂನಿಯರ್ ಪರೀಕ್ಷೆ ಪಾಸಾದರು, ಎಷ್ಟು ಮಂದಿ ಸೀನಿಯರ್‌ಗೆ ಕಟ್ಟಿದರು ಎಂಬ ಲೆಕ್ಕ. ಉಳಿದ ಮಕ್ಕಳಿಗೆ ಪ್ರಾರ್ಥನೆ, ನಾಡಗೀತೆ, ವಾರ್ಷಿಕೋತ್ಸವದ ಸಮೂಹಗಾನ. ಪರೀಕ್ಷೆ ಹತ್ತಿರ ಬಂದಾಗ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುವುದು ಯಾವ ಶಾಲೆಯಲ್ಲಿಯೂ ಹೊಸ ಸಂಗತಿಯಲ್ಲ. 2023ರಲ್ಲಿ ಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣವನ್ನು ಇತರ ವಿಷಯಗಳ ಸಾಲಿಗೆ ತಂದು ಕೂರಿಸಿದೆ ನಿಜ, ಆದರೆ ವೇಳಾಪಟ್ಟಿ ಬರೆಯುವ ಕೈಗಳಿಗೆ ಅದು ತಲುಪಲು ಇನ್ನೂ ಕಾಲ ಬೇಕು.

ಫಲಕದಿಂದ ಆರಂಭಿಸುತ್ತೇನೆ. ಅದರ ಮೇಲೆ ಸ್ವರಲಿಪಿ ಬರೆಯುವ ಸುಖ ಸೀಮೆಸುಣ್ಣದ ಹಲಗೆಯಲ್ಲಿಲ್ಲ. ಆದಿತಾಳದ ಎಂಟು ಅಕ್ಷರಗಳ ಅಂಕಣವನ್ನು ಒಮ್ಮೆ ಎಳೆದಿಟ್ಟುಕೊಂಡರೆ ವರ್ಷವಿಡೀ ಅದೇ ಪುಟವನ್ನು ನಕಲು ಮಾಡಿಕೊಂಡು ಆರಂಭದ ಪಾಠಗಳಾದ ಸರಳೆ, ಜಂಟಿ, ಅಲಂಕಾರಗಳನ್ನು ತುಂಬಬಹುದು. ತಾರಸ್ಥಾಯಿಯ ಚುಕ್ಕೆ ಸ್ವರದ ಮೇಲೂ ಮಂದ್ರಸ್ಥಾಯಿಯ ಚುಕ್ಕೆ ಕೆಳಗೂ ಬೇರೆ ಬೇರೆ ಬಣ್ಣದಲ್ಲಿ ನಿಲ್ಲುತ್ತವೆ. ಹಿಂದಿನ ವಾರ ಅರ್ಧಕ್ಕೆ ನಿಂತ ಗೀತೆ ಅಳಿಸಿಹೋಗದೆ ಅಲ್ಲಿಯೇ ಸಿಗುತ್ತದೆ. ಹಿಂದಿನ ಬೆಂಚಿನ ಮಕ್ಕಳಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಸಾಹಿತ್ಯ ತೋರಿಸಬಹುದಾದ್ದರಿಂದ ನಲವತ್ತು ಮಕ್ಕಳ ತರಗತಿಗೆ ಪುಸ್ತಕ ಹಂಚುವ ಗೋಜಿಲ್ಲ. ಇಷ್ಟಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ನಾದದ ವಿಷಯಕ್ಕೆ ಬಂದರೆ ಅಂಕ ಇಳಿಯುತ್ತದೆ. ಈ ಫಲಕಗಳಲ್ಲಿ ಅಂಚಿನೊಳಗೆ ಕೂರಿಸಿದ ಎರಡು ಸಣ್ಣ ಸ್ಪೀಕರುಗಳಿರುತ್ತವೆ. ಅವು ಮಾತಿಗೆ ಸಾಕು, ತಂಬೂರಿಗೆ ಸಾಲದು. ಒಂದು ಮನೆಯ ಶ್ರುತಿಯಲ್ಲಿ (ಹಾಡುವವರ ಆಧಾರ ಶ್ರುತಿ ಎಷ್ಟು ಎತ್ತರದಲ್ಲಿದೆ ಎಂದು ಹೇಳುವ ಎಣಿಕೆಯೇ ಮನೆ) ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ ಸ, ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಹೆಣ್ಣುಮಕ್ಕಳ ಐದೂವರೆ ಮನೆಯಲ್ಲಿಯೂ ಅದು 104 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಅಷ್ಟು ಕೆಳಗಿನ ನಾದವನ್ನು ತೆಳ್ಳನೆಯ ಸ್ಪೀಕರು ಹೊರಡಿಸುವುದಿಲ್ಲವಾದ್ದರಿಂದ ಕೇಳಿಬರುವುದು ಮೂಲ ನಾದದ ಜೊತೆಗೆ ಮೇಲೆ ಹುಟ್ಟುವ ಅನುಸ್ವರಗಳ ಝೇಂಕಾರ ಮಾತ್ರ. ಅಭ್ಯಾಸವಿರುವ ಕಿವಿ ಉಳಿದದ್ದನ್ನು ತುಂಬಿಕೊಳ್ಳುತ್ತದೆ, ಆದರೆ ಮೊದಲ ವರ್ಷದ ಮಗು ಯಾವುದರ ಮೇಲೆ ನಿಂತು ಹಾಡಬೇಕೆಂದು ತಿಳಿಯದೆ ತಡವರಿಸುತ್ತದೆ. ಹಾಗಾಗಿ ಹೊರಗಿನ ಸ್ಪೀಕರನ್ನು ತಂತಿಯಲ್ಲಿಯೇ ಜೋಡಿಸಬೇಕು. ತಂತಿಯಲ್ಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ಲೂಟೂತ್ ಸ್ಪೀಕರುಗಳಲ್ಲಿ ಧ್ವನಿ ಸಾಮಾನ್ಯವಾಗಿ ನೂರರಿಂದ ಇನ್ನೂರು ಮಿಲಿಸೆಕೆಂಡು, ಕೆಲವೊಮ್ಮೆ ಅದಕ್ಕಿಂತಲೂ ತಡವಾಗಿ ಹೊರಡುತ್ತದೆ. ನಿಮಿಷಕ್ಕೆ ಎಂಬತ್ತು ಅಕ್ಷರದ ಲಯದಲ್ಲಿ ಮೂರನೆಯ ಕಾಲ, ಅಂದರೆ ಅಕ್ಷರಕ್ಕೆ ನಾಲ್ಕು ಸ್ವರದಂತೆ, ಹಾಡುವಾಗ ಒಂದೊಂದು ಸ್ವರಕ್ಕೆ ಸಿಗುವ ಅವಕಾಶ 187 ಮಿಲಿಸೆಕೆಂಡು ಮಾತ್ರ. ಪರದೆಯಲ್ಲಿ ತಾಳದ ಗುರುತು ಮಿನುಗುವುದಕ್ಕೂ ಅದರ ಸದ್ದು ಕೇಳುವುದಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಸ್ವರವೇ ಜಾರಿಹೋಗುತ್ತದೆ. ಮಕ್ಕಳ ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ.

ಇನ್ನು ಮಳೆಗಾಲ. ಬಯಲುಸೀಮೆಯಲ್ಲಿ ಕುಳಿತು ಬರೆದ ಮಾರಾಟದ ಕರಪತ್ರಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ನಮ್ಮಲ್ಲಿರುವಂಥ ಫಲಕಗಳು ಸ್ಪರ್ಶವನ್ನು ಗುರುತಿಸುವುದು ಚೌಕಟ್ಟಿನ ಒಳಅಂಚಿನಿಂದ ಹರಿಯುವ ಅವಗೆಂಪು ಕಿರಣಗಳ ಮೂಲಕ. ಕಿರಣಕ್ಕೆ ಅಡ್ಡಬಂದದ್ದು ಬೆರಳೋ ಬೇರೆಯೋ ಎಂಬ ವಿವೇಚನೆ ಅದಕ್ಕಿಲ್ಲ. ಮೊದಲ ಮಳೆಗೆ ರೆಕ್ಕೆಗೆದ್ದಲು ಏಳುವ ದಿನಗಳಲ್ಲಿ ಬೆಳಕಿಗೆ ಬಂದ ಹುಳುಗಳು ಅಂಚಿನಲ್ಲಿ ಕುಳಿತು, ಆರಂಭದ ಪಾಠಗಳ ರಾಗವಾದ ಮಾಯಾಮಾಳವಗೌಳದ ಪುಟದ ಮೇಲೆ ತಮ್ಮದೇ ಗೆರೆಗಳನ್ನು ಎಳೆಯುತ್ತವೆ. ಮಕ್ಕಳಿಗೆ ಇದು ದೊಡ್ಡ ಮನರಂಜನೆ, ನನಗೆ ಅಲ್ಲ. ಒಣಗಿದ ಬಟ್ಟೆಯಿಂದ ಒಳಅಂಚನ್ನು ಒರೆಸಿದರೆ ಸರಿಹೋಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಸಿಡಿಲಿನ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು, ಇಂಟರ್ನೆಟ್ಟಿನ ಕೇಬಲನ್ನೂ ಬಿಡಿಸಬೇಕು. ಸಿಡಿಲಿನ ವಿದ್ಯುತ್ತು ಆ ದಾರಿಯಿಂದಲೂ ಒಳಬರುತ್ತದೆ. ಒಮ್ಮೆ ಫಲಕ ಕೆಟ್ಟು ನಿಂತಾಗ ಸರಬರಾಜು ಮಾಡಿದವರು ರಸ್ತೆ ಸರಿಯಿಲ್ಲವೆಂದು ಹೇಳಿ ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆಯುವವರೆಗೆ ಬರಲಿಲ್ಲ. ಕೊಡಗಿನ ಶಾಲೆಗಳು ಖರೀದಿಯ ಒಪ್ಪಂದದಲ್ಲಿ ಮಳೆಗಾಲದ ಸೇವೆಯ ಬಗ್ಗೆ ಬೇರೆಯೇ ಒಂದು ವಾಕ್ಯ ಬರೆಯಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಅಡಚಣೆಯನ್ನು ಅಂಗಡಿಯವರು ಹೇಳುವುದಿಲ್ಲ. ಈ ಫಲಕಗಳೊಳಗೆ ಇರುವುದು ಸಾಮಾನ್ಯವಾಗಿ ಆಂಡ್ರಾಯ್ಡ್; ಆಡಾಸಿಟಿಯಂತಹ ತಂತ್ರಾಂಶಕ್ಕೆ ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್ ಬೇಕು. ಹಾಗಾಗಿ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಬೇಕು, ಪರದೆಯ ಸ್ಪರ್ಶ ಲ್ಯಾಪ್‌ಟಾಪಿಗೂ ತಲುಪಬೇಕಾದರೆ ಬೇರೊಂದು ಯುಎಸ್‌ಬಿ ತಂತಿ ಬೇಕು. ಇದು ಗೊತ್ತಾದ ಮೇಲೆ ಸಂಗೀತಕ್ಕೆ ಸಂಬಂಧಿಸಿದಷ್ಟರ ಮಟ್ಟಿಗೆ ಫಲಕವೆಂದರೆ ಒಂದು ದೊಡ್ಡ ಟಿವಿ ಎಂದೇ ತಿಳಿದು ಮುಂದುವರಿದೆ.

ಎಲೆಕ್ಟ್ರಾನಿಕ್ ತಂಬೂರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಮನೆಮನೆಯ ವಸ್ತುವಾಗಿದೆ. ವೇಣುವಾದಕರೂ ಎಂಜಿನಿಯರರೂ ಆದ ಜಿ. ರಾಜನಾರಾಯಣ್ ಅವರು ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳನ್ನು ನೋಡಿಯೇ ನಮ್ಮ ಪೀಳಿಗೆ ಬೆಳೆದದ್ದು. ತಂತಿ ತುಕ್ಕು ಹಿಡಿಯುವ, ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿದುಹೋಗುವ, ಬೀರುವಿನೊಳಗಿನ ವೀಣೆಗೂ ಬೂಸ್ಟು ಹಿಡಿಯುವ ನಮ್ಮ ಥಂಡಿಯಲ್ಲಿ ಅದು ವರ್ಷದ ಎಲ್ಲ ತಿಂಗಳೂ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ. ಕರೆಂಟು ಹೋದರೂ ನುಡಿಯುವ ಬ್ಯಾಟರಿಯ ಮಾದರಿಯನ್ನೇ ಕೊಳ್ಳಬೇಕು. ಮೊಬೈಲಿನ ತಂಬೂರಿ ಆ್ಯಪ್‌ಗಳೂ ಚೆನ್ನಾಗಿಯೇ ಇವೆ, ಆದರೆ ಪಾಠದ ನಡುವೆ ಕರೆ ಬಂದರೆ ಷಡ್ಜ ನಿಂತುಹೋಗುತ್ತದೆ.

ನನಗೆ ಅತಿ ಹೆಚ್ಚು ತಕರಾರಿರುವುದು ಶ್ರುತಿ ತೋರಿಸುವ ಆ್ಯಪ್‌ಗಳ ಮೇಲೆ. ಹಾಡಿದ ಸ್ವರ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು ಎಂದು ತೋರಿಸುವ ಈ ಆ್ಯಪ್‌ಗಳನ್ನು ತಂತ್ರಜ್ಞಾನದ ತರಬೇತಿಗಳಲ್ಲಿ ಬಹಳ ಹೊಗಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಪಿಯಾನೋದ ಸಮವಿಭಾಗದ ಅಳತೆಯನ್ನು ಇಟ್ಟುಕೊಂಡಿವೆ: ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಒಂದೊಂದು ಪಾಲನ್ನು ನೂರು ಸೆಂಟ್ ಎಂದು ಎಣಿಸುವ ಲೆಕ್ಕ. ಆ ಲೆಕ್ಕದಲ್ಲಿ ಅಂತರ ಗಾಂಧಾರ ಎಂಬ ಗ ಸ್ವರ ಷಡ್ಜದಿಂದ 400 ಸೆಂಟ್‌ ಮೇಲಿರಬೇಕು. ಆದರೆ ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯ ನಾದದೊಳಗೆ ತಾನಾಗಿ ಹುಟ್ಟುವ ಗಾಂಧಾರ ಷಡ್ಜಕ್ಕೆ ಐದಕ್ಕೆ ನಾಲ್ಕರ ಪ್ರಮಾಣದಲ್ಲಿರುತ್ತದೆ, ಅಂದರೆ 386 ಸೆಂಟ್‌ನಲ್ಲಿ. ಕಾಕಲಿ ನಿಷಾದ ಎಂಬ ನಿ ಸ್ವರವೂ ಹೀಗೆಯೇ ಹನ್ನೆರಡು ಸೆಂಟ್‌ನಷ್ಟು ಕೆಳಗೆ. ಶುದ್ಧ ರಿಷಭ ಮತ್ತು ಶುದ್ಧ ಧೈವತಗಳು ಇದಕ್ಕೆ ವಿರುದ್ಧವಾಗಿ ಆ್ಯಪ್‌ನ ಗುರುತಿಗಿಂತ ಮೇಲೆ ನಿಲ್ಲುತ್ತವೆ. ಹೀಗಾಗಿ ಈ ಸ್ವರಗಳೆಲ್ಲ ಇರುವ ಮಾಯಾಮಾಳವಗೌಳವನ್ನು ತಂಬೂರಿಗೆ ಸರಿಯಾಗಿ ಕೂಡಿಸಿ ಹಾಡಿದ ಮಗುವಿಗೆ ಕೆಂಪು ದೀಪವೂ ತಂಬೂರಿಯನ್ನು ಕೇಳದೆ ಪರದೆ ನೋಡಿಕೊಂಡು ಹಾಡಿದ ಮಗುವಿಗೆ ಹಸಿರು ದೀಪವೂ ಬರುತ್ತವೆ. ಪಂಚಮದಲ್ಲಿ ಮಾತ್ರ ಎರಡೇ ಸೆಂಟ್ ಅಂತರವಿರುವುದರಿಂದ ಜಗಳವಿಲ್ಲ. ಸ್ವರವನ್ನು ಓಲಾಡಿಸಿ ಹಾಡುವ ಗಮಕದ ಮಾತು ಬಂದರಂತೂ ಆ್ಯಪ್ ಪೂರ್ತಿ ಕೈಚೆಲ್ಲುತ್ತದೆ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ಓಲಾಡುವ ತೋಡಿ ರಾಗದ ಗಾಂಧಾರವನ್ನು ಅದು ಒಂದು ಸ್ವರವೆಂದೇ ಒಪ್ಪುವುದಿಲ್ಲ. ಷಡ್ಜ ಪಂಚಮಗಳನ್ನು ನಿಲ್ಲಿಸಿ ಹಾಡುವ ಅಭ್ಯಾಸಕ್ಕೆ ಮೊದಲ ತಿಂಗಳಿನಲ್ಲಿ ಬಳಸಿ, ಅನಂತರ ಮುಚ್ಚಿಡಿ ಎಂಬುದು ನನ್ನ ಸಲಹೆ.

ಆಡಾಸಿಟಿಯ ಕಥೆ ಬೇರೆ. 2000ದಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಈ ಉಚಿತ ತಂತ್ರಾಂಶ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಓಡುತ್ತದೆ, ಒಮ್ಮೆ ಹಾಕಿಕೊಂಡ ಮೇಲೆ ಇಂಟರ್ನೆಟ್ ಬೇಡ. ನೆಟ್‌ವರ್ಕ್ ಎಂಬುದು ಗುಡ್ಡದ ಯಾವ ಮಗ್ಗುಲಲ್ಲಿ ನಿಂತಿದ್ದೀರಿ ಎಂಬುದನ್ನು ಅವಲಂಬಿಸಿರುವ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ. ಜೊತೆಗೆ ಮಕ್ಕಳ ಧ್ವನಿ ಶಾಲೆಯ ಲ್ಯಾಪ್‌ಟಾಪಿನಲ್ಲಿಯೇ ಉಳಿಯುತ್ತದೆ ಎಂಬ ನೆಮ್ಮದಿ. ವರ್ಣ ಎಂಬ ಬಗೆಯ ಹಾಡನ್ನು ಶ್ರುತಿ ಬದಲಾಗದಂತೆ ನಿಧಾನಗೊಳಿಸಿ ಕೇಳಿಸಬಹುದು, ಲಯ ಬದಲಾಗದಂತೆ ಶ್ರುತಿಯನ್ನು ಒಂದು ಮನೆಯಿಂದ ಐದೂವರೆಗೆ ಏರಿಸಬಹುದು. ಶ್ರುತಿಯನ್ನು ಅಷ್ಟು ದೂರ ಸರಿಸಿದಾಗ ಧ್ವನಿ ಕೃತಕವಾಗುತ್ತದೆ, ಅದನ್ನು ಮಾದರಿಯಾಗಿ ಹಾಡಿಸಬಾರದು. ನಿಧಾನಗೊಳಿಸುವ ಕೆಲಸದಲ್ಲಿ ಮೂಲ ವೇಗದ ಶೇಕಡ ಎಪ್ಪತ್ತಕ್ಕೆ ಇಳಿಸುವವರೆಗೆ ತೊಂದರೆ ಕಾಣುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಸಿಕ್ಕಿದ್ದು ಅತಿ ಸರಳವಾದ ಬಳಕೆಯಿಂದ: ಮಗು ಹಾಡಿದ್ದನ್ನು ದಾಖಲಿಸಿ ಅದೇ ಮಗುವಿಗೆ ಕೇಳಿಸುವುದು. ಹಾಡುವಾಗ ತನ್ನ ಧ್ವನಿ ತಲೆಬುರುಡೆಯ ಮೂಲಕವೂ ಕಿವಿಗೆ ತಲುಪುವುದರಿಂದ ಹೊರಗಿನವರು ಕೇಳುವ ಧ್ವನಿ ಹಾಡುವವರಿಗೆ ಗೊತ್ತಿರುವುದಿಲ್ಲ. "ಮಿಸ್, ನಾನು ಧಾ ಹತ್ತಿರ ಬರುವಾಗಲೆಲ್ಲ ಕೆಳಗೆ ಹೋಗುತ್ತೇನೆ" ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಹೇಳಿದಳು. ಅದೇ ಮಾತನ್ನು ನಾನು ಹಿಂದಿನ ವರ್ಷವಿಡೀ ಹೇಳಿದ್ದರೂ ಅವಳು ಒಪ್ಪಿರಲಿಲ್ಲ. ಇದರ ಮುಂದಿನ ಹೆಜ್ಜೆ ಸ್ಪೆಕ್ಟ್ರೋಗ್ರಾಮ್ ನೋಟ, ಅಂದರೆ ಧ್ವನಿಯ ಏರಿಳಿತವನ್ನು ಗೆರೆಗಳಾಗಿ ತೋರಿಸುವ ಚಿತ್ರ. ಮೇಲಿನ ಮಿತಿಯನ್ನು ಎರಡು ಸಾವಿರ ಹರ್ಟ್ಸ್‌ಗೆ ಇಳಿಸಿಕೊಳ್ಳದಿದ್ದರೆ ಹಾಡಿನ ಗೆರೆಗಳೆಲ್ಲ ತಳದಲ್ಲಿ ಮುದುಡಿಕೊಂಡು ಏನೂ ಕಾಣುವುದಿಲ್ಲ. ಇಳಿಸಿಕೊಂಡ ಮೇಲೆ ತಂಬೂರಿ ನೇರವಾದ ಅಡ್ಡಗೆರೆಗಳಾಗಿ, ಅದರ ಮೇಲೆ ಗಮಕ ಬಳುಕುವ ಗೆರೆಯಾಗಿ ಮೂಡುತ್ತವೆ. ಫಲಕದ ದೊಡ್ಡ ಪರದೆ ಸಾರ್ಥಕವಾಗುವುದು ಇಲ್ಲಿ. ಗುರುಗಳ ಧ್ವನಿಮುದ್ರಣದಲ್ಲಿ ತೋಡಿಯ ಗಾಂಧಾರ ಎಷ್ಟು ಅಗಲ ಓಲಾಡುತ್ತದೆ, ತಮ್ಮದು ಎಷ್ಟು, ಓಲಾಟ ಎಲ್ಲಿ ಆತುರಗೊಳ್ಳುತ್ತದೆ ಎಂಬುದನ್ನು ದೊಡ್ಡ ಮಕ್ಕಳು ಬೆರಳಿಟ್ಟು ತೋರಿಸುತ್ತಾರೆ. ಆ್ಯಪ್‌ನ ಕೆಂಪು ಹಸಿರು ಕೊಡುವುದು ತೀರ್ಪು; ಈ ಗೆರೆ ತೀರ್ಪು ಕೊಡುವುದಿಲ್ಲ, ಮತ್ತೊಮ್ಮೆ ಕೇಳಿ ನೋಡುವಂತೆ ಮಾಡುತ್ತದೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಸಾಧನವನ್ನು ಗುರುತಿಸುವ ಒರೆಗಲ್ಲು ಇಷ್ಟೇ.

ಕ್ರೋಮ್ ಮ್ಯೂಸಿಕ್ ಲ್ಯಾಬ್ ಗೂಗಲ್ 2016ರಲ್ಲಿ ಬಿಟ್ಟ ಉಚಿತ ಆಟಗಳ ಗುಂಪು, ಖಾತೆ ತೆರೆಯುವ ಅಗತ್ಯವಿಲ್ಲ. ಅದರೊಳಗಿನ ಸಾಂಗ್ ಮೇಕರ್‌ನಲ್ಲಿ ಚೌಕಗಳಿಗೆ ಬಣ್ಣ ತುಂಬಿದರೆ ರಾಗ ನುಡಿಯುತ್ತದೆ. ಐದು ಸ್ವರಗಳ ಶ್ರೇಣಿಯನ್ನು ಆರಿಸಿಕೊಂಡರೆ ಸಿಗುವುದು ನಮ್ಮ ಮೋಹನವೇ; ಏಳು ಸ್ವರಗಳದ್ದು ಶಂಕರಾಭರಣ. ಮಾಯಾಮಾಳವಗೌಳ ಬೇಕೆಂದರೆ ಹನ್ನೆರಡೂ ಸ್ವರಸ್ಥಾನಗಳನ್ನು ತೆರೆದುಕೊಂಡು ಬೇಡದವನ್ನು ಮುಟ್ಟದೆ ಬಿಡಬೇಕು, ಅದೇ ಒಂದು ಒಳ್ಳೆಯ ಪಾಠ. ಐದನೆಯ ತರಗತಿಯವರೆಗಿನ ಮಕ್ಕಳಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಸ್ವರದಿಂದ ಸ್ವರಕ್ಕೆ ಜಾರುವುದು ಇದರಲ್ಲಿ ಸಾಧ್ಯವಿಲ್ಲದ್ದರಿಂದ ಅದಕ್ಕಿಂತ ಮೇಲಿನವರಿಗೆ ಬೇಗ ಬೇಸರವಾಗುತ್ತದೆ. ನೆಟ್‌ವರ್ಕ್ ಇಲ್ಲದ ದಿನ ಪಾಠವೂ ಇಲ್ಲ.

ನೆಟ್‌ವರ್ಕಿನ ಮಾತಿಗೆ ಸೇರಿದಂತೆ ಆನ್‌ಲೈನ್ ಪಾಠದ ಬಗ್ಗೆ ಎರಡು ಮಾತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲ ಸಂಗೀತ ಶಿಕ್ಷಕರಿಗೂ ಗೊತ್ತಾದ ಸತ್ಯವೆಂದರೆ ವಿಡಿಯೋ ಕರೆಯಲ್ಲಿ ಇಬ್ಬರು ಒಟ್ಟಿಗೆ ಹಾಡಲಾಗುವುದಿಲ್ಲ. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪುವ ತಡ ಸುಮಾರು ಮೂವತ್ತು ಮಿಲಿಸೆಕೆಂಡು ದಾಟಿದರೆ ಲಯ ಕೂಡುವುದು ಕಷ್ಟ, ಸಾಮಾನ್ಯ ಕರೆಯಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು. ಅದಲ್ಲದೆ ಇಂಥ ವ್ಯವಸ್ಥೆಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲವೆಂದು ಭಾವಿಸಿ ಅಳಿಸುವುದರಿಂದ ತಂಬೂರಿಯೇ ಮಾಯವಾಗುತ್ತದೆ. ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಯನ್ನು ಹುಡುಕಿ ಒತ್ತಬೇಕು.

ಈಗ ವೃತ್ತಿಯ ದಿಕ್ಕು ಬದಲಾಯಿತು ಎಂದು ಮೊದಲಿಗೆ ಹೇಳಿದ ಮಾತಿಗೆ ಬರುತ್ತೇನೆ. ನಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಮಾತನಾಡುವ ಮನೆಗಳ ಮಕ್ಕಳೂ ತೋಟದ ಕಾರ್ಮಿಕರ ಲೈನುಮನೆಗಳಲ್ಲಿರುವ ಯರವ ಬುಡಕಟ್ಟಿನ ಮಕ್ಕಳೂ ಒಟ್ಟಿಗಿದ್ದಾರೆ. ಧ್ವನಿ ದಾಖಲಿಸುವುದು ಅಭ್ಯಾಸವಾದ ಮೇಲೆ ಮನೆಯಲ್ಲಿ ಹಿರಿಯರು ಹಾಡುವುದನ್ನು ಮೊಬೈಲಿನಲ್ಲಿ ಹಿಡಿದು ತರುವಂತೆ ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ ಸುಗ್ಗಿಯ ಹಬ್ಬವಾದ ಹುತ್ತರಿಯ ಸಮಯದಲ್ಲಿ ತನ್ನ ಅಜ್ಜ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆ) ಹಾಡಿದ ದುಡಿಕೊಟ್ಟ್ ಪಾಟ್ ತಂದ. ನಾಲ್ವರು ಹಾಡುಗಾರರು ದುಡಿ ಎಂಬ ಸಣ್ಣ ಚರ್ಮವಾದ್ಯ ನುಡಿಸುತ್ತ, ಇಬ್ಬರು ಹಾಡಿದ್ದಕ್ಕೆ ಇನ್ನಿಬ್ಬರು ದನಿಗೂಡಿಸುತ್ತ ಹೋಗುವ ಆ ಹಾಡಿನ ಪದಗಳು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಕೊಡವ ಜಾನಪದ ಸಂಗ್ರಹ ಪಟ್ಟೋಲೆ ಪಳಮೆಯಿಂದಾಗಿ ಪುಸ್ತಕದಲ್ಲಿ ಉಳಿದಿವೆ. ಧಾಟಿ ಉಳಿದಿರುವುದು ಹಾಡುವವರ ಗಂಟಲಿನಲ್ಲಿ, ಊರಿಂದ ಊರಿಗೆ ಕೊಂಚ ಕೊಂಚ ಬೇರೆಯಾಗಿ. ನಾನು ಕಲಿತ ಸ್ವರಲಿಪಿಗೆ ಅದು ಒಗ್ಗಲಿಲ್ಲ; ಸ್ಪೆಕ್ಟ್ರೋಗ್ರಾಮಿನಲ್ಲಿ ಮಾತ್ರ ಅದರ ಏರಿಳಿತ ಇದ್ದ ಹಾಗೆಯೇ ಕಂಡಿತು. ಜೂನಿಯರ್ ಪರೀಕ್ಷೆಗೆ ಎಂದೂ ಕಟ್ಟದ ಮಕ್ಕಳು ಆ ದಿನ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದರು.

ಆಮೇಲೆ ನನ್ನ ಓದು ಬೇರೆಯಾಯಿತು. ಆಕಾಶವಾಣಿಯ ಅರ್ಜಿಯ ಯೋಚನೆ ಹಿಂದೆ ಸರಿದು ಮೈಕ್ ಎಲ್ಲಿಡಬೇಕು, ಧ್ವನಿಯ ಮಟ್ಟ ಎಷ್ಟಿರಬೇಕು, ಕಡತಕ್ಕೆ ಹೇಗೆ ಹೆಸರಿಡಬೇಕು, ಹಾಡಿದವರ ಒಪ್ಪಿಗೆಯನ್ನು ಹೇಗೆ ಪಡೆದಿಡಬೇಕು ಎಂಬ ವಿಷಯಗಳು ಮುಂದೆ ಬಂದವು. ಪರೀಕ್ಷೆಯ ಮಕ್ಕಳನ್ನು ಈಗಲೂ ತಯಾರು ಮಾಡುತ್ತೇನೆ, ಆದರೆ ಉಳಿದ ಸೇವಾವಧಿಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಈ ಧ್ವನಿಗಳನ್ನು ಸರಿಯಾಗಿ ದಾಖಲಿಸಿಡಲು ಮಕ್ಕಳಿಗೆ ಕಲಿಸುವುದು ಎಂದು ನಿಶ್ಚಯಿಸಿಕೊಂಡಿದ್ದೇನೆ. ಹಿರಿಯ ಸಂಗೀತ ಶಿಕ್ಷಕರೊಬ್ಬರು ಇದನ್ನು ಕೇಳಿ, "ಹಾಗಾದರೆ ನೀವು ಹಾಡುವುದು ಯಾವಾಗ ಟೀಚರ್?" ಎಂದರು. ನ್ಯಾಯವಾದ ಪ್ರಶ್ನೆಯೇ. ಬೆಳಗಿನ ಸಾಧನೆಯ ಹೊತ್ತು ಈಗ ಮೊದಲಿನಷ್ಟು ಉದ್ದವಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ಆಡಾಸಿಟಿಯ ಗದ್ದಲ ಕಡಿಮೆ ಮಾಡುವ ಸೌಲಭ್ಯದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹಾಡಿಲ್ಲದ, ಗದ್ದಲ ಮಾತ್ರ ಇರುವ ತುಣುಕೊಂದನ್ನು ಅದಕ್ಕೆ ಮೊದಲು ತೋರಿಸಬೇಕು. ಅದನ್ನು ಗುರುತಾಗಿಟ್ಟುಕೊಂಡು ಉಳಿದ ಕಡೆ ಅಂಥದ್ದನ್ನು ತಗ್ಗಿಸುತ್ತದೆ. ಫ್ರಿಜ್ಜಿನ ಗುಂಯ್ಗುಡುವ ಸದ್ದಿನಂಥದ್ದು ಚೆನ್ನಾಗಿ ಹೋಗುತ್ತದೆ. ಶೀಟಿನ ಮಾಡಿನ ಮೇಲೆ ಬೀಳುವ ಕೊಡಗಿನ ಮಳೆ ಗಳಿಗೆಗೊಂದು ಬಗೆಯಾಗಿ ಬದಲಾಗುವುದರಿಂದ ಅದು ಹೋಗುವುದಿಲ್ಲ, ಹೋಗಿಸಲು ಹಟ ಹಿಡಿದರೆ ದುಡಿಯ ನಾದವೂ ಅದರ ಜೊತೆ ಸವೆದುಹೋಗುತ್ತದೆ. ದಾಖಲಾತಿಯನ್ನು ನವೆಂಬರಿನಿಂದ ಮಾರ್ಚಿನ ಒಳಗೆ ಮುಗಿಸಿಕೊಳ್ಳುವುದೇ ಜಾಣತನ. ಮೂಲ ಕಡತವನ್ನು ಎಂದಿಗೂ ತಿದ್ದದೆ ನಕಲಿನ ಮೇಲೆಯೇ ಕೆಲಸ ಮಾಡಬೇಕು.

ಕೊಳ್ಳುವವರಿಗೆ ಹೇಳುವುದಾದರೆ, ಸಂಗೀತಕ್ಕೆಂದೇ ಲಕ್ಷ ರೂಪಾಯಿ ದಾಟುವ ಫಲಕವನ್ನು ಖರೀದಿಸಬೇಡಿ. ಬೇರೆ ವಿಷಯಗಳಿಗಾಗಿ ಬಂದಿದ್ದರೆ ಅದರ ಪರದೆಯನ್ನು ಬಳಸಿಕೊಳ್ಳಿ. ಇರುವ ಹಣದಲ್ಲಿ ಮೊದಲು ತಂತಿಯಲ್ಲಿ ಜೋಡಿಸುವ ಒಳ್ಳೆಯ ಸ್ಪೀಕರುಗಳು, ಆಮೇಲೆ ಒಂದು ಯುಎಸ್‌ಬಿ ಮೈಕ್, ಅದರ ನಂತರ ಹಳೆಯದಾದರೂ ಸರಿ ಒಂದು ಲ್ಯಾಪ್‌ಟಾಪ್ ಮತ್ತು ಕಡತಗಳ ನಕಲಿಗೆ ಒಂದು ಹಾರ್ಡ್ ಡಿಸ್ಕ್. ನಮ್ಮ ಆಡಳಿತ ಮಂಡಳಿ ಮುಂದಿನ ವರ್ಷ ಎರಡನೆಯ ಫಲಕ ತರಿಸುವ ಯೋಚನೆಯಲ್ಲಿದೆ. ಅದರ ಬದಲು ಕೈಯಲ್ಲಿ ಹಿಡಿದು ಐನ್‌ಮನೆಗೂ ಲೈನುಮನೆಗೂ ಒಯ್ಯಬಹುದಾದ, ಬ್ಯಾಟರಿಯಲ್ಲಿ ಓಡುವ ಎರಡು ಸ್ಟೀರಿಯೋ ರೆಕಾರ್ಡರುಗಳನ್ನು ಕೊಡಿ ಎಂದು ಅರ್ಜಿ ಬರೆದು, ಮಕ್ಕಳು ತಂದ ಹಾಡುಗಳ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ ಕೊಟ್ಟಿದ್ದೇನೆ.